ಅವಳ ಮುಷ್ಟಿಯಲ್ಲಿಟ್ಟ ಬೀಗದಕೈ

ನನ್ನ ಮಗಳು ಪವಿತ್ರಾ ಮೊದಲ ಸಲ ಬಿದ್ದದ್ದು ಶಿಡ್ಲಘಟ್ಟದ ಬಸ್ ನಿಲ್ದಾಣದಲ್ಲಿ. ಹೊರಟುಬಿಟ್ಟಿದ್ದ ಚಿಕ್ಕಬಳ್ಳಾಪುರದ ಬಸ್ಸನ್ನು ಓಡಿ ಹಿಡಿಯಲು ಹೋಗಿ. ಆಗವಳು ಪಿಯುಸಿ. ಕೈಕಾಲು ಅದುರಿದವು. ಹೂ ಮಾರುತ್ತಿದ್ದ ಹೆಂಗಸೊಬ್ಬಳು ಸೊಂಟದ ಬೀಗದಕೈ ಬಿಚ್ಚಿ ಅವಳ ಮುಷ್ಟಿಯಲ್ಲಿಟ್ಟಳು. ಅರೆನಿಮಿಷಕ್ಕೆ ಪವಿತ್ರಾ ಕಣ್ಣು ಬಿಟ್ಟಳು.

"ಬಸ್ ಹೋಯ್ತಾ ಅಮ್ಮ?"

ಕಬ್ಬಿಣ ಕೆಲಸ ಮಾಡಿತು ಎಂದು ಅಲ್ಲಿದ್ದವರೆಲ್ಲ ಹೇಳಿದರು. ನಾನೂ ನಂಬಿದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಹೃದಯದ ನಾಲ್ಕು ಕೋಣೆಗಳನ್ನು ಬಣ್ಣದ ಚಾಕ್‌ಪೀಸಿನಲ್ಲಿ ಬಿಡಿಸಿ ಮಕ್ಕಳಿಂದ ಚಪ್ಪಾಳೆ ಹೊಡೆಸಿಕೊಂಡವಳು. ಸ್ವಂತ ಮಗಳು ಬಿದ್ದಾಗ ಆ ಓದೆಲ್ಲ ಎಲ್ಲಿ ಹಾಳಾಗಿ ಹೋಯಿತೋ.

ಡಾಕ್ಟರು ಫಿಟ್ಸ್ ಎಂದರು. ಮಿದುಳಿನ ಇಇಜಿ ನಾರ್ಮಲ್ ಬಂತು, ಆದರೂ ಮಾತ್ರೆ ಬರೆದರು. ಇಸಿಜಿ ಯಾರೂ ಮಾಡಲಿಲ್ಲ. ಮಾಡಿಸಿ ಎಂದು ನಾನೂ ಕೇಳಲಿಲ್ಲ. ಮಾತ್ರೆ ನುಂಗಿ ಅವಳು ಕ್ಲಾಸಿನಲ್ಲಿ ತೂಕಡಿಸುತ್ತಿದ್ದಳು. ನಮ್ಮತ್ತೆ ಹಳೆಯ ಬೀಗದಕೈ ಗೊಂಚಲೊಂದನ್ನು ಅಡುಗೆಮನೆ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದರು. ಅದು ಪವಿತ್ರಾಗೆ ಮೀಸಲು, ಬೇರೆ ಯಾವುದಕ್ಕೂ ಮುಟ್ಟುವಂತಿರಲಿಲ್ಲ. ಮುಂದಿನ ವರ್ಷ ಅಂಗಳದಲ್ಲಿ ಬಿದ್ದಾಗ ಅದನ್ನೇ ಕೊಟ್ಟೆವು. ಎದ್ದಳು.

ಮೂರನೆಯ ಸಲ ಬಿದ್ದದ್ದು ಹುಳ ಹಣ್ಣಾದ ದಿನ.

ರೇಷ್ಮೆ ಸಾಕುವ ಮನೆಯಲ್ಲಿ ಆವತ್ತು ಯಾರೂ ಕೂರುವಂತಿಲ್ಲ. ಗೂಡು ಕಟ್ಟಲು ಸಿದ್ಧವಾದ ಹುಳುಗಳನ್ನು ಆರಿಸಿ ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ಅವು ಯಾರ ಮುಲಾಜಿಗೂ ಕಾಯುವುದಿಲ್ಲ. ನಾನು ಸ್ಕೂಲಿಗೆ, ಅವಳು ಕಾಲೇಜಿಗೆ ರಜೆ ಹಾಕಿದ್ದೆವು. ಖಾಲಿ ಚಂದ್ರಿಕೆಗಳನ್ನು ಅವಳು ಓಡೋಡಿ ತಂದು ಕೊಡುತ್ತಿದ್ದಳು.

"ನಿಧಾನ ಕಣಮ್ಮ" ಅಂದೆ.

"ನಂಗ್ಯಾಕೆ ಹೇಳ್ತೀಯ, ಹುಳಕ್ಕೆ ಹೇಳು" ಅಂದಳು. ಮತ್ತೊಂದು ತರಲು ತಿರುಗಿದವಳು ಹಾಗೇ ಕುಸಿದಳು.

ಅತ್ತೆ "ತಾಳಾಲು ತೇರಾ!" ಎಂದು ತೆಲುಗಿನಲ್ಲಿ ಮಗನನ್ನು ಕೂಗಿದರು. ನನ್ನ ಗಂಡ ಓಡಿಹೋಗಿ ಬೀಗದಕೈ ತಂದರು. ಅದನ್ನು ಅವಳ ಅಂಗೈಯಲ್ಲಿಟ್ಟು, ಬೆರಳು ಮಡಚಿ, ಮೇಲೆ ನನ್ನ ಕೈ ಒತ್ತಿ ಹಿಡಿದು ಕೂತವಳು ನಾನೇ. ಹಿಂದೆ ಎರಡು ಸಲ ಎದ್ದಿದ್ದಳಲ್ಲ. ತುಟಿ ನೀಲಿಯಾಗುತ್ತಿತ್ತು. ಈಗ ಎದ್ದಾಳು, ಇನ್ನೊಂದು ನಿಮಿಷಕ್ಕೆ ಎದ್ದಾಳು ಎಂದು ಕಾದೆ. ನನ್ನ ಕೈಯಡಿ ಕಬ್ಬಿಣ ಬೆಚ್ಚಗಾಗುವಷ್ಟು ಹೊತ್ತು ಕಾದೆ.

ಅವಳು ಏಳಲಿಲ್ಲ.

ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಕೆಲವು ತಿಂಗಳ ಮೇಲೆ ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ನನ್ನ ಎದೆ ಅಚ್ಚು ತಪ್ಪಿದ ರಾಟೆಯ ಹಾಗೆ ಬಡಿದುಕೊಂಡಿತು. ಕಣ್ಣು ಕತ್ತಲಿಟ್ಟಿತು. ದುಃಖಕ್ಕೆ ಹೀಗಾಗುತ್ತದೆ ಎಂದುಕೊಂಡು ಸುಮ್ಮನಿದ್ದೆ. ಎರಡನೆಯ ಸಲ ಹಾಗಾದಾಗ ಹೆಡ್‌ಮಾಸ್ಟರೇ ಗದರಿ ಬೆಂಗಳೂರಿಗೆ ಕಳಿಸಿದರು. ಇಸಿಜಿ, ಎಕೋ, ಎಂಆರ್‌ಐ ಎಲ್ಲ ಆದವು. ವರದಿ ನೋಡಿ ಡಾಕ್ಟರಮ್ಮ ಕೇಳಿದರು:

"ಮನೇಲಿ ಚಿಕ್ಕ ವಯಸ್ಸಲ್ಲಿ ಯಾರಾದ್ರೂ ಇದ್ದಕ್ಕಿದ್ದಂಗೆ ತೀರ್ಕೊಂಡಿದಾರಾ?"

"ಮಗಳು" ಅಂದೆ.

ಅವರು ಪೆನ್ನು ಕೆಳಗಿಟ್ಟರು. ನನಗಿರುವುದು ಕಾರ್ಡಿಯೋಮಯೋಪತಿ, ಹೃದಯದ ಸ್ನಾಯುವಿನ ಕಾಯಿಲೆ. ಸ್ನಾಯುವಿನೊಳಗೆ ಕೊಬ್ಬು, ಗಾಯದ ಕಲೆಯಂಥದ್ದು ಸೇರಿಕೊಂಡು ಬಡಿತ ಕೆಡುತ್ತದೆ. ಓಡಿದಾಗ, ದಣಿದಾಗ ಇನ್ನೂ ಅಪಾಯ. ಬಿದ್ದವರು ಅದುರುವುದನ್ನು ನೋಡಿ ಫಿಟ್ಸ್ ಎಂದು ಮೋಸಹೋಗುವುದುಂಟು. ಪವಿತ್ರಾಗೂ ಬಹುಶಃ ಇದೇ ಇತ್ತು, ಇದು ರಕ್ತಸಂಬಂಧದಲ್ಲಿ ಬರುವಂಥದ್ದು ಎಂದರು.

ಅಂದರೆ ನನ್ನಿಂದಲೇ ಅವಳಿಗೆ ಹೋದದ್ದು.

"ಆವತ್ತು ಎದೆ ಒತ್ತಿದ್ರೆ ಉಳೀತಿದ್ಲಾ ಮೇಡಂ?"

"ಅವಕಾಶ ಇರ್ತಿತ್ತು ಅಮ್ಮ. ಉಳೀತಿದ್ಲು ಅಂತ ಹೇಳಕ್ಕಾಗಲ್ಲ."

ಇಲ್ಲ ಎಂದು ಸುಳ್ಳು ಹೇಳಿ ನನ್ನನ್ನು ಮನೆಗೆ ಕಳಿಸಬಹುದಿತ್ತು. ಹೇಳಲಿಲ್ಲ. ಆ ಕ್ಷಣ ಅವರ ಮೇಲೆ ಕೆಟ್ಟ ಸಿಟ್ಟು ಬಂತು. ಆಮೇಲೆ ಅದಕ್ಕೇ ಅವರನ್ನು ನಂಬಿದೆ.

ಎಡ ಭುಜದ ಕೆಳಗೆ ಐಸಿಡಿ ಕೂರಿಸಿದರು. ಬಡಿತ ಕೆಟ್ಟರೆ ಒಳಗಿನಿಂದಲೇ ಶಾಕ್ ಕೊಡುವ ಪುಟ್ಟ ಯಂತ್ರ. ಡಿಸ್ಚಾರ್ಜ್ ದಿನ ನರ್ಸ್ ಒಂದು ರಬ್ಬರ್ ಗೊಂಬೆ ತಂದು, ಎದೆ ಒತ್ತುವುದನ್ನು ನಮ್ಮೆಜಮಾನರಿಗೆ ಕಲಿಸಿದಳು. ಅವರು ಅಳುತ್ತಲೇ ಒತ್ತುತ್ತಿದ್ದರು. "ಮೊಣಕೈ ಮಡಚ್ಬೇಡಿ ಅಂಕಲ್, ಜೋರಾಗಿ ಎಣಿಸಿ" ಎಂದು ಅವಳು ಹೇಳುತ್ತಲೇ ಇದ್ದಳು. ಆ ಹುಡುಗಿಗೆ ನಮ್ಮ ವಿಷಯ ಏನು ಗೊತ್ತು.

ಹೋದ ತಿಂಗಳು ಅಡುಗೆಮನೆಯಲ್ಲಿ ದಂಟಿನ ಸೊಪ್ಪು ಬಿಡಿಸುತ್ತಿದ್ದೆ. ಅಷ್ಟೇ ನೆನಪು.

ಕಣ್ಣು ಬಿಟ್ಟಾಗ ಎದೆಯೆಲ್ಲ ನೋವು. ನಮ್ಮೆಜಮಾನರು ಮೊಣಕಾಲೂರಿ ನನ್ನ ಮೇಲೆ ಬಾಗಿ ಒತ್ತುತ್ತಿದ್ದರು. ಹದಿನೇಳು, ಹದಿನೆಂಟು ಎಂದು ಕಿರುಚಿ ಎಣಿಸುತ್ತಿದ್ದರು. ಯಂತ್ರ ಅದರ ಕೆಲಸ ಮಾಡಿತ್ತಂತೆ, ಆಸ್ಪತ್ರೆಯಲ್ಲಿ ಆಮೇಲೆ ಹೇಳಿದರು. ಒತ್ತುವಾಗ ನಮ್ಮೆಜಮಾನರಿಗೆ ಅದು ಗೊತ್ತಿರಲಿಲ್ಲ.

"ಸಾಕು, ಬಿಡ್ರೀ" ಅಂದೆ.

ಅವರು ಗೋಡೆಗೊರಗಿ ಕೂತರು. ತಲೆಯ ಮೇಲೆ ಮೊಳೆಯಲ್ಲಿ ಗೊಂಚಲು ಹಾಗೇ ನೇತಾಡುತ್ತಿತ್ತು. ಅದನ್ನು ತೆಗೆಯುವ ಧೈರ್ಯ ಅದುವರೆಗೆ ಯಾರಿಗೂ ಬಂದಿರಲಿಲ್ಲ.

"ಬೀಗದಕೈ ಮುಟ್ಲಿಲ್ಲ ಕಣೇ" ಅಂದರು. "ಈ ಸಲ ಮುಟ್ಲೇ ಇಲ್ಲ."

ಉಳಿದಿದ್ದೇನೆ. ಅದು ಸಣ್ಣ ಮಾತಲ್ಲ ಎಂದು ಬಲ್ಲೆ. ಅವರ ಎರಡೂ ಕೈಗಳನ್ನು ಹಿಡಿದುಕೊಂಡೆ. ಎಷ್ಟು ಚೆನ್ನಾಗಿ ಕಲಿತಿದ್ದವು. ಪವಿತ್ರಾ ಬಿದ್ದ ದಿನವೂ ಇವೇ ಕೈಗಳು ಅವಳ ಪಕ್ಕದಲ್ಲಿದ್ದವು. ನನ್ನವೂ ಇದ್ದವು.