ಅಗಸಿಯ ಮೇಲಿನ ಡಾಂಬರು

ಮೊನ್ನೆ ಬೆಳಿಗ್ಗೆ ಬಾಜೂ ಮನೆಯವರು ದನದ ಕೊಟ್ಟಿಗೆಗೆ ಬಳಿಯಲೆಂದು ಸುಣ್ಣ ಅರಳಿಸಲು ಇಟ್ಟಿದ್ದರು. ಈಗ ಮನೆಗೆ ಯಾರು ಸುಣ್ಣ ಬಳಿಯುತ್ತಾರೆ, ಎಲ್ಲರಿಗೂ ಡಬ್ಬಿಯ ಬಣ್ಣವೇ ಬೇಕು. ದನಕ್ಕೆ ಸುಣ್ಣ ಸಾಕು ಅಂತ ಅವರ ವಿಚಾರ. ಹಳೆಯ ತಗಡಿನ ಡಬ್ಬಿಯಲ್ಲಿ ಕಲ್ಲುಸುಣ್ಣ ಕೊತಕೊತ ಕುದಿಯುತ್ತಿತ್ತು. ಯಾರೋ ಅದಕ್ಕೆ ಬೆಲ್ಲದ ನೀರು ಸುರಿದರು. ಆ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ನನಗೆ ಕೈಯಲ್ಲಿದ್ದ ಚಹಾ ಕುಡಿಯಲಾಗಲಿಲ್ಲ. ಸುಣ್ಣದ ಆಯಿ ನೆನಪಾದಳು... ಇಷ್ಟು ವರ್ಷ ಮರೆತಿದ್ದೆ ಅಂದರೆ ಸುಳ್ಳಾದೀತು. ನೆನೆಯದೆ ಇರಲು ಕಲಿತಿದ್ದೆ, ಅಷ್ಟೇ.

ಆಗ ನನಗೆ ಇಪ್ಪತ್ತೆರಡು. ಗೋಕಾಕಕ್ಕೂ ಹುಕ್ಕೇರಿಗೂ ನಡುವಿನ ಒಂದು ಪೇಟೆ ಊರಿನಲ್ಲಿ, ಹೆಸರು ಬೇಡ, ಕನ್ನಡ ಸಾಲಿಯ ಮಾಸ್ತರನಾಗಿ ಹೊಸದಾಗಿ ಸೇರಿದ್ದೆ. ಸ್ವಾತಂತ್ರ್ಯ ಬಂದು ಎಂಟೊಂಬತ್ತು ವರ್ಷವಾಗಿತ್ತು. ಯಾವ ಊರು ಯಾವ ರಾಜ್ಯಕ್ಕೆ ಹೋಗಬೇಕು ಎಂಬ ಗದ್ದಲದ ಕಾಲ. ಗೋಡೆಗಳಿಗಂತೂ ಪುರುಸೊತ್ತೇ ಇರಲಿಲ್ಲ. ಇವತ್ತು ಕನ್ನಡದಲ್ಲಿ ಬರೆದರೆ ನಾಳೆ ಅದರ ಮೇಲೆ ಮರಾಠಿ. ಅದರ ಪಕ್ಕದಲ್ಲಿ ನಾಟಕದ ಕಂಪನಿಯ ಜಾಹೀರಾತು, ಅದರ ಕೆಳಗೆ ಯಾರದೋ ಅಪ್ಪನಿಗೆ ಬೈಗುಳ.

ಮುನಸಿಪಾಲ್ಟಿಯವರು ಸುಮ್ಮನೆ ಕೂತಿರಲಿಲ್ಲ. ಡಂಗುರ ಹೊಡೆಸಿದರು, ದಂಡ ಹಾಕುತ್ತೇವೆ ಎಂದರು. ಬರೆಯುವ ತೀಟೆ ಇದ್ದವರು ಇಲ್ಲಿ ಬರೆಯಿರಿ ಎಂದು ಚಾವಡಿಯ ಮುಂದೆ ದೊಡ್ಡದೊಂದು ಕರಿ ಹಲಗೆ ನಿಲ್ಲಿಸಿ, ಸುಣ್ಣದ ಕಡ್ಡಿಯನ್ನೂ ಇಟ್ಟರು. ಮೊದಲ ದಿನ ಕಡ್ಡಿ ಕಾಣೆಯಾಯಿತು. ನಾಲ್ಕನೆಯ ದಿನ ಹಲಗೆಯೇ ಇರಲಿಲ್ಲ! ಕೊನೆಗೆ ಬರಹದ ಮೇಲೆಲ್ಲ ಸುಣ್ಣ ಬಳಿಯಲು ಸುಣ್ಣದ ಆಯಿಯನ್ನು ದಿನಗೂಲಿಯ ಮೇಲೆ ಇಟ್ಟುಕೊಂಡರು. ಅವಳಿಗೆ ಓದಲು ಬರುತ್ತಿರಲಿಲ್ಲ. ಯಾರ ಪರ, ಯಾರ ವಿರುದ್ಧ ಅಂತ ನೋಡದೆ ಎಲ್ಲವನ್ನೂ ಒಂದೇ ಸಮ ಅಳಿಸುತ್ತಾಳೆ ಎಂಬುದು ಅವರ ಧೈರ್ಯ.

ಕಡ್ಡಿಯಂಥ ಮುದುಕಿ. ಕಚ್ಚೆ ಹಾಕಿದ ಇಳಕಲ್ಲ ಸೀರೆಯ ಮೇಲೆಲ್ಲ ಸುಣ್ಣದ ಹನಿ, ರೆಪ್ಪೆಯ ಮೇಲೂ ಬಿಳಿ ಪುಡಿ. ಕುಂಚ ಅವಳದೇ, ಕತ್ತಾಳಿ ನಾರು ಜಜ್ಜಿ ತಾನೇ ಕಟ್ಟಿದ್ದು. ಸುಣ್ಣ ಗೋಡೆಗೆ ಕಚ್ಚಿ ಹಿಡಿಯಲಿ ಅಂತ ಬೆಲ್ಲದ ನೀರು ಬೆರೆಸುತ್ತಿದ್ದಳು. ಕಬ್ಬಿನ ಸೀಮೆಯಲ್ಲಿ ಬೆಲ್ಲಕ್ಕೇನು ಬರ. ಗಂಡ ಸತ್ತು ಬಹಳ ದಿನವಾಗಿತ್ತು. ಇದ್ದೊಬ್ಬ ಮಗಳನ್ನು ಮೂಡಲಗಿ ಕಡೆಯ ಹಳ್ಳಿಗೆ ಕೊಟ್ಟಿದ್ದಳು. ದೀಪಾವಳಿಯ ತನಕ ಪೇಟೆಯ ಗೋಡೆಗಳು ಸ್ವಚ್ಛ ಉಳಿದರೆ ಕೆಲಸ ಖಾಯಂ ಮಾಡುತ್ತೇವೆ ಅಂತ ಸಾಹೇಬರು ಮಾತು ಕೊಟ್ಟಿದ್ದರಂತೆ. ಅವಳ ಜೀವವೆಲ್ಲ ಅದರ ಮೇಲಿತ್ತು. ಒಮ್ಮೆ ನನ್ನ ಮುಂದೆಯೇ ಅಂದಿದ್ದಳು: "ಅಳಿಯನ ಮನ್ಯಾಗ ಕುಂತು ತಾಟು ಒಡ್ಡೂದು ನನ್ನಿಂದ ಆಗೂದಿಲ್ರಿ ಮಾಸ್ತರ. ಕೈಕಾಲು ಇರೂತನಾ ನನ್ನ ರೊಟ್ಟಿ ನಾನ ಬಡಕೋಬೇಕು."

ರಜೆಯಲ್ಲಿ ಸಾಲಿಯ ಗೋಡೆಗೂ ಅವಳೇ ಸುಣ್ಣ ಹಚ್ಚಿದಳು. ಆಗ ಹಲಗೆಯ ಮೇಲಿನ ನನ್ನ ಅಕ್ಷರ ನೋಡುತ್ತ ಬಹಳ ಹೊತ್ತು ನಿಂತಳು. ಯಾರು ಬರೆದದ್ದು ಅಂತ ಕೇಳಿದಳು. ನಾನೇ ಅಂದೆ. ಮುತ್ತು ಪೋಣಿಸಿದಂಗ ಐತಿ ಅಂದಳು. ನಾನು ಉಬ್ಬಿಹೋದೆ. ಓದಲು ಬಾರದಿದ್ದರೂ ಅವಳಿಗೆ ಕೈ ಗುರುತು ಸಿಗುತ್ತಿತ್ತು. ಇದು ಎಡಚನ ಕೈ, ಇದು ಕುಳ್ಳನ ಕೈ, ಇವನು ಹೆದರುತ್ತ ಬರೆದಿದ್ದಾನೆ ಅಂತ ಗೋಡೆ ನೋಡಿ ಹೇಳುತ್ತಿದ್ದಳು. ನಾವು ನಗುತ್ತಿದ್ದೆವು. ಅವಳ ಮಾತನ್ನು ನಾನು ಅಷ್ಟು ಹಗುರಾಗಿ ತಗೊಳ್ಳಬಾರದಿತ್ತು.

ಯಾಕೆಂದರೆ, ಈಗ ಹೇಳಿಬಿಡುತ್ತೇನೆ, ಪೇಟೆಯ ಗೋಡೆಗಳ ಮೇಲೆ ನಸುಕಿನಲ್ಲಿ ಬರೆಯುತ್ತಿದ್ದವರಲ್ಲಿ ನಾನೂ ಒಬ್ಬ. ಹಗಲು ಮಕ್ಕಳಿಗೆ ಗೋಡೆ ಕೆಡಿಸಬಾರದು ಅಂತ ಹೇಳುವ ಮಾಸ್ತರ, ಬೆಳಗಾಗುವುದರೊಳಗೆ ಗೋಡೆ ಕೆಡಿಸುವವ! ನಾಡಿನ ಕೆಲಸ ಅಂತ ಎದೆ ಉಬ್ಬಿಸಿಕೊಂಡಿದ್ದೆ. ಮೊದಮೊದಲು ಜಾಜಿನಲ್ಲಿ ಬರೆಯುತ್ತಿದ್ದೆ. ಆ ಕೆಂಪು ಮಣ್ಣನ್ನು ಅವಳು ಒಂದೇ ಸಲ ಸುಣ್ಣ ಎಳೆದು ಮುಚ್ಚಿಬಿಡುತ್ತಿದ್ದಳು. ಅದು ನನಗೆ ತಡೆಯದಾಯಿತು. ರಸ್ತೆಗೆ ತಂದಿಟ್ಟಿದ್ದ ಪೀಪಾಯಿಯಿಂದ ಡಾಂಬರು ತಂದೆ.

ಡಾಂಬರಿನ ಮೇಲೆ ಸುಣ್ಣ ನಿಲ್ಲುವುದಿಲ್ಲ. ಕುರ್ಪಿಯಿಂದ ಕೆರೆದು ತೆಗೆಯಬೇಕು, ಆಮೇಲೆ ದಪ್ಪ ಸುಣ್ಣ ಮೂರು ಸಲ ಎಳೆಯಬೇಕು. ಒಂದು ದಿನ ಸಾಲಿಯ ಬಾಗಿಲಿಗೆ ಬಂದು ನನ್ನನ್ನು ಕರೆದಳು. ಅಂಗೈ ತೋರಿಸಿದಳು, ಬೊಬ್ಬೆ ಒಡೆದು ಕೆಂಪಾಗಿತ್ತು.

"ಮಾಸ್ತರ, ಬರಿಯಾಂವಗ ಒಂದ ಮಾತು ಹೇಳ್ರಿ. ಬರೀ ಬ್ಯಾಡ ಅನ್ನಂಗಿಲ್ಲ ನಾ. ಜಾಜಿನ್ಯಾಗ ಬರಿಲಿ. ಡಾಂಬರ ಬ್ಯಾಡ ಅಂತ ಹೇಳ್ರಿ."

ಯಾರೋ ಏನೋ ಆಯಿ, ನನಗೆಲ್ಲಿ ಗೊತ್ತು ಅಂದೆ. ಸಿಕ್ಕರ ಹೇಳ್ರಿ ಅಂದು ಹೋದಳು. ದೀಪಾವಳಿಗೆ ಆಗ ಹದಿನೈದು ದಿನವೂ ಉಳಿದಿರಲಿಲ್ಲ. ಅಷ್ಟಾದರೂ ನನ್ನ ಹುಂಬತನ ಬಿಡಲಿಲ್ಲ. ಅದೇ ವಾರ ಪೇಟೆಯ ಅಗಸಿಯ, ಅಂದರೆ ಹೆಬ್ಬಾಗಿಲಿನ, ನೆತ್ತಿಯ ಮೇಲೆ, ಕೈಗೆ ಎಟುಕದ ಜಾಗದಲ್ಲಿ, ನಿಚ್ಚಣಿಕೆ ಹತ್ತಿ, ಮೊಳದುದ್ದದ ಅಕ್ಷರಗಳನ್ನು ಡಾಂಬರಿನಲ್ಲಿ ಬರೆದೆ.

ಬೆಳಿಗ್ಗೆ ಸಾಲಿಗೆ ಹೋಗುವಾಗ ಅಗಸಿಯ ಕೆಳಗೆ ಮಂದಿ ನಿಂತಿದ್ದರು. ಅವಳು ನಿಚ್ಚಣಿಕೆ ಹಾಕಿ ಮೇಲೆ ಹತ್ತಿದ್ದಳು. ಆಗಷ್ಟೇ ಅರಳಿಸಿದ ಬಿಸಿ ಸುಣ್ಣದ ಬಕೀಟನ್ನು ತಲೆಯ ಮೇಲೆ, ನಿಚ್ಚಣಿಕೆಯ ತುದಿಯ ಗೂಟಕ್ಕೆ ನೇತುಹಾಕಿದ್ದಳು. ಕುರ್ಪಿಯಿಂದ ಜೋರು ಹಾಕಿ ಕೆರೆಯುತ್ತಿದ್ದಳು. ಬರುವುದಿಲ್ಲ ಬಿಡು ಅಂತ ನಾನು ಒಳಗೊಳಗೇ ನಗುತ್ತ ನಿಂತಿದ್ದೆ... ನಿಚ್ಚಣಿಕೆ ಜಾರಿತು. ಅವಳು ಬಿದ್ದಳು, ಬಕೀಟು ಅವಳ ಮುಖದ ಮೇಲೆಯೇ ಬಿತ್ತು.

ಹತ್ತು ಹೆಜ್ಜೆಯಲ್ಲಿ ಪೇಟೆಯ ಬಾವಿ. ಬಾವಿಕಟ್ಟೆಯ ಮೇಲೆ ತುಂಬಿದ ಕೊಡಗಳು. ಯಾರೋ ಹೆಣ್ಣುಮಗಳು ಕೊಡ ಎತ್ತಿಕೊಂಡು ಓಡಿ ಬಂದಳು. ನೀರು ಹಾಕಬೇಡ, ಸುಣ್ಣ ಕುದಿಯುತ್ತದೆ, ಕಣ್ಣು ಬೆಂದುಹೋಗುತ್ತವೆ ಅಂತ ಎಲ್ಲರೂ ತಡೆದರು. ಎಲ್ಲರಿಗಿಂತ ಮೊದಲು ಕೈ ಅಡ್ಡ ಹಿಡಿದವನು ನಾನು. ಕಲಿತವನಲ್ಲವೇ! ಸುಣ್ಣಕ್ಕೆ ನೀರು ಬಿದ್ದರೆ ಏನಾಗುತ್ತದೆ ಅಂತ ನಮ್ಮ ಕಡೆ ಸಣ್ಣ ಕೂಸಿಗೂ ಗೊತ್ತು. ಹಳ್ಳೆಣ್ಣೆ ತರಲು ಒಬ್ಬನನ್ನು ಗಾಣದ ಮನೆಗೆ ಓಡಿಸಿದೆವು. ಅವನು ಬರುವ ತನಕ ಅವಳು ನೆಲದ ಮೇಲೆ ಹೊರಳಾಡುತ್ತ, ನೀರು, ನೀರು ಅನ್ನುತ್ತಿದ್ದಳು.

ಚಕ್ಕಡಿ ಕಟ್ಟಿ ಗೋಕಾಕದ ದವಾಖಾನೆಗೆ ಒಯ್ದಾಗ ಡಾಕ್ಟರರು ಕೇಳಿದ್ದು ಒಂದೇ ಮಾತು, ಆಗಲೇ ನೀರು ಯಾಕೆ ಸುರಿಯಲಿಲ್ಲ ಅಂತ. ಒಂದೆರಡು ಕೊಡ ನೀರು ಬಿಡದೆ ಸುರಿದು ತೊಳೆದಿದ್ದರೆ ಕಣ್ಣು ಉಳಿಯುತ್ತಿದ್ದವಂತೆ. ನಾನು ಗೋಡೆಗೆ ಒರಗಿ ನಿಂತೆ. ಎರಡೂ ಕಣ್ಣು ಹೋದವು.

ಬರೆದವನನ್ನು ಹಿಡಿಯಲೇಬೇಕು ಅಂತ ಪೊಲೀಸ್ ಫೌಜದಾರರು ಬಂದರು. ಕೈ ಗುರುತು ಹೇಳು, ಪರಿಹಾರ ಕೊಡಿಸುತ್ತೇವೆ ಅಂತ ಅವಳನ್ನು ಎರಡು ಸಲ ಕೇಳಿದರಂತೆ. ಕಣ್ಣಿಲ್ಲದಾಕೆ ಏನು ಗುರುತು ಹೇಳಲಿ ಅಂದುಬಿಟ್ಟಳಂತೆ.

ದೀಪಾವಳಿಯ ಹಿಂದಿನ ದಿನ ನಾನು ಅವಳ ಗುಡಿಸಲಿಗೆ ಹೋದೆ. ಹೇಳಿಬಿಡಬೇಕು ಅಂತಲೇ ಹೋಗಿದ್ದೆ. ಅಳಿಯ ಕರೆದೊಯ್ಯಲು ಬಂದು ಹೊರಗೆ ಬೀಡಿ ಸೇದುತ್ತಿದ್ದ. ಅವಳ ಸಾಮಾನೆಲ್ಲ ಒಂದೇ ಗಂಟು. ನಾನು ಬಾಯಿ ತೆರೆಯುವ ಮೊದಲೇ ಅವಳು, ಮಾಸ್ತರ ಬಂದ್ರಿ? ಕುಂಡ್ರಿ ಅಂದಳು. ಆಯಿ, ಅದು... ಅಂದೆ.

"ಗೊತ್ತೈತ್ರಿ," ಅಂದಳು ಮೆಲ್ಲಗೆ. "ಸಾಲಿ ಹಲಗಿ ಮ್ಯಾಲಿನ ಕೈನೂ ಅದ, ಅಗಸಿ ಮ್ಯಾಲಿನ ಕೈನೂ ಅದ. ನಂದಂತೂ ಕೆಲಸ ಹೋತು. ನಿಮ್ಮದ್ಯಾಕ ಹೋಗಬೇಕ್ರಿ?"

ನಾನು ಅವಳ ಕಾಲು ಹಿಡಿದು ಅತ್ತೆ. ಅವಳು ನನ್ನ ತಲೆ ಹುಡುಕಿ ಅದರ ಮೇಲೆ ಕೈ ಇಟ್ಟಳು. ಅಂಗೈಯ ಆ ಬೊಬ್ಬೆ ಇನ್ನೂ ಮಾಯ್ದಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು, ಅಗಸಿಯ ಮೇಲೆ ಏನು ಬರೆದಿದ್ದಿರಿ ಅಂತ. ಇಷ್ಟು ದಿನ ಅಳಿಸಿದ್ದರಲ್ಲಿ ಒಂದನ್ನೂ ಯಾರೂ ಅವಳಿಗೆ ಓದಿ ಹೇಳಿರಲಿಲ್ಲ. ನಾನು ಹೇಳಿದೆ: "ನಾವೆಲ್ಲ ಒಂದೇ ತಾಯಿಯ ಮಕ್ಕಳು."

ಅವಳು ಕೈಯಾಡಿಸಿ ಗಂಟಿನ ಕಟ್ಟು ಬಿಗಿಮಾಡಿದಳು.

"ಛಲೋ ಮಾತ ಬರದಿದ್ರಿ. ಗೊತ್ತಿದ್ದರ ನಾಕ ದಿನ ಬಿಡತಿದ್ನಲ್ರಿ."

ಅಳಿಯ ಗಂಟು ಎತ್ತಿಕೊಂಡ. ಅವಳು ಅವನ ಹೆಗಲು ಹಿಡಿದು ಹೋದಳು. ಎರಡು ವರ್ಷದೊಳಗೆ ತೀರಿಕೊಂಡಳು ಅಂತ ಆಮೇಲೆ ಮೂಡಲಗಿ ಸಂತೆಯಲ್ಲಿ ಯಾರೋ ಹೇಳಿದರು. ನಾನು ಮಾತ್ರ ಮಾಸ್ತರನಾಗಿಯೇ ಉಳಿದೆ. ಪೂರ್ತಿ ಪಗಾರ ತಗೊಂಡೆ, ಪೆನ್ಶನ್ನೂ ತಗೊಳ್ಳುತ್ತಿದ್ದೇನೆ. ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಮೊನ್ನೆ ಚಹಾ ಅಲ್ಲೇ ಇಟ್ಟು ಕೆಳಗಿಳಿದು ಹೋದೆ. ನಮ್ಮ ಮನೆಯ ಕೊಡ ತುಂಬಿ, ಸುಣ್ಣ ಕಲಸುತ್ತಿದ್ದ ಹೆಣ್ಣುಮಗಳ ಬಾಜೂಕ್ಕೆ ಇಟ್ಟೆ. ಕಣ್ಣಿಗೆ ಬಿದ್ದರೆ ನೀರೇ ಹಾಕಬೇಕು, ಬಹಳ ಹೊತ್ತು ಹಾಕಬೇಕು ಅಂತ ಎರಡು ಸಲ ಹೇಳಿದೆ. ಸುಣ್ಣಕ್ಕ ನೀರು ಹಾಕಿದರ ಕುದಿಯಂಗಿಲ್ಲೇನ್ರಿ ಅಜ್ಜಾರ ಅಂತ ಅವಳು ನಕ್ಕಳು. ನಾನು ಕೊಡದ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತೆ. ಅವಳು ಕೊನೆಯ ಗೋಡೆ ಮುಗಿಸಿ ಕೈ ತೊಳೆಯುವ ತನಕ ಅಲ್ಲಿಂದ ಏಳಲಿಲ್ಲ.