ಮೂರನೇ ಶಿಫ್ಟಿನ ಮಾದೇವಿ

ಮಾದೇವಿಗೆ ಗುಟ್ಟು ಹೇಳಲು ಬರುತ್ತಿರಲಿಲ್ಲ. ಕಿವಿಯ ಹತ್ತಿರ ಬಾಯಿ ತರುತ್ತಿದ್ದಳು, ಕೈ ಅಡ್ಡ ಹಿಡಿಯುತ್ತಿದ್ದಳು, ಅತ್ತಿತ್ತ ನೋಡುತ್ತಿದ್ದಳು. ಎಲ್ಲ ಸರಿಯಾಗಿಯೇ ಮಾಡಿ, ಕೊನೆಗೆ ಹೊಲದ ಆಚೆ ಬದುವಿನಲ್ಲಿರುವವರನ್ನು ಕೂಗುವ ದನಿಯಲ್ಲಿ ಹೇಳುತ್ತಿದ್ದಳು. ಒಮ್ಮೆ ನಮ್ಮ ಜಗಲಿಯಲ್ಲಿ ಕೂತು, "ದೊಡ್ಡವ್ವ, ಯಾರ್ಗೂ ಏಳ್ಬ್ಯಾಡ, ಎದುರುಮನೆ ರಂಗಮ್ಮ ಅಲ್ಲು ಕಟ್ಟುಸ್ಕಂಡವ್ಳೆ" ಅಂದಳು. ಎದುರುಮನೆಯಿಂದ ರಂಗಮ್ಮನೇ ಉತ್ತರ ಕೊಟ್ಟಳು: "ಊಂ ಕಣಮ್ಮಿ, ಎರಡೇ ಕಟ್ಟುಸ್ಕಂಡಿರಾದು. ಬಂದು ನೋಡ್ಕಂಡೋಗು."

ಅದು ಹುಟ್ಟಿನಿಂದ ಬಂದ ದನಿಯಲ್ಲ. ತಿಗನಾರೆಯಲ್ಲಿ ನಮ್ಮ ಮನೆಯಿಂದ ಮೂರು ಮನೆ ಆಚೆ ಹುಟ್ಟಿದ ಹುಡುಗಿ. ಸ್ಕೂಲಿನಲ್ಲಿ ಇವಳು ಹಾಜರಿಗೆ ಉತ್ತರ ಕೊಟ್ಟದ್ದು ಕೇಳಿಸದೆ ಮೇಷ್ಟ್ರು ಎರಡೆರಡು ಸಲ ಹೆಸರು ಕೂಗುತ್ತಿದ್ದರಂತೆ. ಹತ್ತನೆಯದು ಮುಗಿಸಿದ ವರ್ಷ ಅವಳಪ್ಪ ದಿಂಬಂ ಘಾಟ್ ಇಳಿಸಿ, ಕೆಳಗಿನ ಒಂದು ನೂಲಿನ ಮಿಲ್ಲಿಗೆ ಸೇರಿಸಿ ಬಂದ. ನಮ್ಮ ಕೂಲಿಜನರ ಹೆಣ್ಣುಮಕ್ಕಳು ಹೀಗೆ ಹೋಗುವುದು ಹೊಸದಲ್ಲ. ಮೂರು ವರ್ಷ ಹಾಸ್ಟೆಲಿನಲ್ಲಿದ್ದು ದುಡಿದರೆ ಮದುವೆಯ ಖರ್ಚು ಕಳೆಯಿತು ಅನ್ನುತ್ತಾರೆ. ಮಿಲ್ಲಿನೊಳಗೆ ಪಕ್ಕದವಳು ಮಾತಾಡಿದರೆ ಕೇಳುವುದಿಲ್ಲ, ಅಷ್ಟು ಸದ್ದು. ಮೂರನೇ ಶಿಫ್ಟಿನಲ್ಲಿ ನಿದ್ದೆ ಹತ್ತದಿರಲಿ ಎಂದು ಇವಳೂ, ಜೊತೆಯ ಸೆಲ್ವಿ ಮತ್ತು ಮೇರಿಯೂ ಬಾಯಿಗೆ ಬಂದದ್ದನ್ನು ಪದ ಕಟ್ಟಿ ಕಿರುಚುತ್ತಿದ್ದರು. ಸೂಪರ್‌ವೈಸರನನ್ನೇ ಬೈದು ಹಾಡಿದರೂ ಅವನು ಏನೋ ಒಳ್ಳೆಯದಿರಬೇಕೆಂದು ತಲೆಯಾಡಿಸಿ ಮುಂದೆ ಹೋಗುತ್ತಿದ್ದನಂತೆ.

ಆಯುಧಪೂಜೆಯ ದಿನ ಮಿಷನ್ನುಗಳು ನಿಂತಿದ್ದವು. ಹೆಣ್ಣುಮಕ್ಕಳು ಏನಾದರೂ ಹಾಡಲಿ ಎಂದು ಮಿಲ್ಲಿನವರೇ ಅಂದರು. ಈ ಮೂವರು ಎದ್ದು ಅದೇ ಪದ ಹಾಡಿದರು. ಅವತ್ತು ಎಲ್ಲರಿಗೂ ಚೆನ್ನಾಗಿ ಕೇಳಿಸಿತು. ಮರುದಿನ ಬೆಳಿಗ್ಗೆ ಮೂವರ ಪೆಟ್ಟಿಗೆಗಳೂ ಗೇಟಿನ ಹೊರಗಿದ್ದವು.

ಪೆಟ್ಟಿಗೆ ಎತ್ತಿಕೊಂಡವರು ಊರಿಗೆ ಬರಲಿಲ್ಲ. ಕೊಯಮತ್ತೂರಿಗೆ ಹೋಗಿ ರೂಮು ಹಿಡಿದರು. ಹಗಲು ಬಟ್ಟೆ ಅಂಗಡಿಯಲ್ಲಿ ಕೆಲಸ, ಸಂಜೆ ಬ್ಯಾಂಡು. ಮೇರಿಗೆ ಚರ್ಚಿನಲ್ಲಿ ಗಿಟಾರು ಕಲಿಸಿದ್ದರು. ಸೆಲ್ವಿ ಡ್ರಮ್ಮನ್ನು ಬಡಿದು ಬಡಿದೇ ಕಲಿತಳು. ಮಾದೇವಿಗೆ ಗಂಟಲಿತ್ತು. ಬ್ಯಾಂಡಿಗೆ 'ಮೂರನೇ ಶಿಫ್ಟು' ಎಂದೇ ಹೆಸರಿಟ್ಟರು. ಕಾಲೇಜುಗಳಲ್ಲಿ, ಹೆಂಗಸರ ಸಂಘದ ಮೀಟಿಂಗುಗಳಲ್ಲಿ, ಒಮ್ಮೆ ಕಾರು ರಿಪೇರಿ ಷೆಡ್ಡಿನಲ್ಲಿ ಹಾಡಿದರು. ಆರು ವರ್ಷ ನಡೆಸಿದರು.

ಊರಿಗೆ ಬಂದಾಗ ಅವಳಪ್ಪ ಮಾತಾಡುತ್ತಿರಲಿಲ್ಲ. ಅದಕ್ಕೇ ನಮ್ಮ ಜಗಲಿಗೆ ಬರುತ್ತಿದ್ದಳು. ನಾನು ಮೂರನೇ ಕ್ಲಾಸು ಓದಿದವಳು, ಗೊತ್ತಿಲ್ಲದ್ದನ್ನು ಕೇಳಲು ನಾಚಿಕೆಯಿಲ್ಲ.

"ಗಂಡಸ್ರು ಯಾರೂ ಇಲ್ವಾ ಅಮ್ಮಿ ನಿಮ್ ಬ್ಯಾಂಡ್ನಲ್ಲಿ?"

"ಇಲ್ಲ ದೊಡ್ಡವ್ವ."

"ಆ ಸೌಂಡ್ ಬಾಕ್ಸ್ ಎತ್ತೋರು?"

"ನಾವೇ."

"ಕರೆಂಟ್ ಓದ್ರೆ?"

"ಇನ್ನೂ ಜೋರಾಗಿ ಕಿರುಚ್ತಿವಿ."

"ಇದ್ಯಾವ ಸೀಮೆ ಪದ?"

"ಪಂಕ್ ಅಂತಾರೆ. ಚೆಂದಾಗ್ ಆಡಾದ ಕಲ್ತ್ಕಂಡು ಆಮೇಲ್ ಬತ್ತಿನಿ ಅಂತ ಕಾಯ್ಬಾರ್ದು. ಏಳಾದಿದ್ರೆ ಇವತ್ತೇ ಏಳ್ಬುಡ್ಬೇಕು."

ಒಂದು ವರ್ಷ, ಜೋಳ ತೆನೆ ಕಟ್ಟಿದ್ದ ಕಾಲದಲ್ಲಿ, ಮೂವರೂ ಸಾಮಾನು ಸಮೇತ ಬಂದಿಳಿದರು. ಹೊಸ ಪದ ಕಟ್ಟಲು ಜಾಗ ಬೇಕಿತ್ತು. ನಮ್ಮ ಹೊಲದ ಕೊಟ್ಟಿಗೆ ಖಾಲಿಯಿತ್ತು, ಕೊಟ್ಟೆ. ಮೊದಲ ದಿನವೇ ಊರಿನ ಗಂಡಸರು ನಾಲ್ಕು ಜನ ಬಂದು, ಮಾನ ಮರ್ಯಾದೆ ಎಂದೆಲ್ಲ ಮಾತಾಡಿ ಹೋದರು. ನಾಲ್ಕನೇ ದಿನ ಅವರೇ ಬಂದು ಬಾಗಿಲಲ್ಲಿ ನಿಂತರು. ಸದ್ದಿಗೆ ಹೆದರಿ ಕಾಡುಹಂದಿಗಳು ಆ ಕಡೆಯ ಜೋಳಕ್ಕೆ ಬಾಯಿ ಹಾಕಿರಲಿಲ್ಲ. "ಇನ್ನೊಂದ್ ನಾಕ್ ದಿನ ಇರ್ಲಿ ಬುಡಿ. ಆ ಡ್ರಮ್ಮ ಮಾತ್ರ ವಸಿ ನಮ್ ಒಲದ ಕಡೀಕ್ ತಿರುಗ್ಸಕ್ ಏಳಿ" ಅಂದರು. ಸೆಲ್ವಿ ತಿರುಗಿಸಿಯೇಬಿಟ್ಟಳು.

ಕೇಳಲು ಚೆನ್ನಾಗಿತ್ತೇ ಎಂದರೆ, ಇಲ್ಲ. ತಲೆನೋವು ಬರುತ್ತಿತ್ತು. ಆದರೆ ಎದ್ದು ಹೋಗಲೂ ಆಗುತ್ತಿರಲಿಲ್ಲ, ಏನು ಹೇಳುತ್ತಿದ್ದಾರೆ ಎಂದು ತಿಳಿಯಬೇಕೆನ್ನಿಸುತ್ತಿತ್ತು.

ಐದನೇ ದಿನ ಚೆನ್ನೈಯಿಂದ ಕಾರಿನಲ್ಲಿ ಒಬ್ಬ ಬಂದ. ಹಾಡು ರೆಕಾರ್ಡು ಮಾಡಿ ಮಾರುವ ಕಂಪನಿಯವನು. ಮಿಲ್ಲಿನಲ್ಲಿ ಮಿಷನ್ನಿಗೆ ಎರಡು ಬೆರಳು ಕೊಟ್ಟ ಹುಡುಗಿಯ ಮೇಲೆ ಇವರದೊಂದು ಪದವಿತ್ತು, ಅದನ್ನು ಫೋನಿನಲ್ಲಿ ಕೇಳಿ ಬಂದಿದ್ದ. ಆ ಹುಡುಗಿಯನ್ನು ಚೆನ್ನೈಗೆ ಕರೆತನ್ನಿ, ಹಾಡುವಾಗ ವೇದಿಕೆಯಲ್ಲಿ ಕೈ ತೋರಿಸಲಿ, ಜನ ಅಳುತ್ತಾರೆ ಅಂದ. ಮಾದೇವಿ ಒಂದೇ ಮಾತಿನಲ್ಲಿ ಆಗಲ್ಲ ಅಂದಳು. ಅವಳನ್ನು ಕೇಳಿಯೇ ಪದ ಕಟ್ಟಿದ್ದು. ಪದ ಹಾಡಿ, ನನ್ನ ಹೆಸರು ಮುಖ ಬೇಡ ಎಂದು ಅವಳು ಹೇಳಿದ್ದಾಳೆ ಅಂದಳು. ಯಾರ ಕಷ್ಟವನ್ನೂ ಅವರನ್ನು ಕೇಳದೆ ಹಾಡಬಾರದು ಎಂಬುದು ಆ ಮೂವರ ಕಟ್ಟಲೆ. ಅವನು ಟೀ ಕುಡಿದು, "ಸರಿ, ಅಷ್ಟೇ ಬಿಸಿ ಇರುವ ಇನ್ನೊಂದು ಪದ ತನ್ನಿ. ಮುಂದಿನ ತಿಂಗಳು ಚೆನ್ನೈಯಲ್ಲಿ ದೊಡ್ಡ ಪ್ರೋಗ್ರಾಂ ಇದೆ, ಅಲ್ಲಿ ಕೇಳಿ ತೀರ್ಮಾನ ಮಾಡುತ್ತೇನೆ" ಎಂದು ಹೋದ.

ಆ ಪದ ಅವರ ಹತ್ತಿರ ಇರಲಿಲ್ಲ. ಚೆನ್ನೈ ಕೈಗೂಡದಿದ್ದರೆ ಬ್ಯಾಂಡೇ ಇರುವುದಿಲ್ಲ ಎಂದು ಸೆಲ್ವಿ ಹೇಳಿಬಿಟ್ಟಳು. ಅವಳ ಮನೆಯಲ್ಲಿ ಗಂಡು ನೋಡಿಯಾಗಿತ್ತು, ಇಷ್ಟು ದಿನ ತಡೆದದ್ದೇ ಹೆಚ್ಚು. ಮೂವರೂ ಮೂರು ಮೂಲೆಯಲ್ಲಿ ಕೂತರು. ನಾನು ಬಾಯಿ ಬಿಟ್ಟೆ.

ನಮ್ಮ ಕಡೆ ಮದುವೆಯಲ್ಲಿ ಗಂಡಿನ ಕಡೆಯವರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಬೀಗರ ಪದ ಹೇಳುತ್ತಾರೆ. ಬೀಗನ ಮೀಸೆ ಪೊರಕೆ, ಬೀಗಿತ್ತಿಯ ಸೀರೆ ಎರವಲು, ಹೀಗೆ ಏನು ಬೈದರೂ ನಗಬೇಕು, ಸಿಟ್ಟಾಗಬಾರದು. ವಯಸ್ಸಿನಲ್ಲಿ ಅದಕ್ಕೆ ನನ್ನನ್ನೇ ಕರೆಯುತ್ತಿದ್ದರು. ನಲವತ್ತು ವರ್ಷದ ಹಿಂದೆ ನಮ್ಮ ಬೀದಿಯ ಚಿಕ್ಕತಾಯಿಯನ್ನು ಗೆಟ್ಟವಾಡಿಯ ಒಂದು ಮನೆಗೆ ಕೊಟ್ಟರು. ಆ ಮನೆಯ ಮೊದಲ ಸೊಸೆ ಬಾವಿಯಲ್ಲಿ ಸತ್ತಿದ್ದಳು. ಎಲ್ಲರಿಗೂ ಗೊತ್ತು, ಯಾರೂ ಆಡಲಿಲ್ಲ. ಚಪ್ಪರದಲ್ಲಿ ನಾನು ಮೀಸೆ ಸೀರೆ ಎಲ್ಲ ಮುಗಿಸಿ ಇದನ್ನು ಹೇಳಿದೆ:

ಬೀಗರ ಮನೆ ಬಾವಿ ಎಷ್ಟಾಳು ಆಳವೋ
ನಮ್ಮೆಣ್ಣಿಗೆ ಈಜು ಬರದಣ್ಣ
ಮೊದಲೋಳು ಇಳಿದೋಳು ಮೇಲಕ್ಕೆ ಬರಲಿಲ್ಲ
ಹಗ್ಗವ ಹಿಡಿದೋರು ಯಾರಣ್ಣ

ಬೀಗ ಎಲೆ ಬಿಟ್ಟು ಎದ್ದ. ನ್ಯಾಯ ಸೇರಿತು, ನನ್ನಿಂದ ಬೀಗನ ಕಾಲು ಹಿಡಿಸಿದರು. ಮದುವೆ ಏನೂ ನಿಲ್ಲಲಿಲ್ಲ. ಆಮೇಲೆ ಯಾರ ಮದುವೆಯಲ್ಲೂ ನಾನು ಪದ ಹೇಳಲಿಲ್ಲ, ಕರೆದರೆ ತಾನೆ? ಆದರೂ ನಾನೊಬ್ಬಳು ಧೈರ್ಯವಾಗಿ ಕೇಳಿದೆನಲ್ಲ ಎಂಬ ಹೆಮ್ಮೆಯಿತ್ತು, ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ನಾನು ಹೇಳಿ ಮುಗಿಸಿದಾಗ ಮೇರಿ ಆಗಲೇ ತಂತಿ ಮೀಟುತ್ತಿದ್ದಳು. ಸಂಜೆಯೊಳಗೆ ಪದ ಎದ್ದು ನಿಂತಿತು. "ಯಾರಣ್ಣ" ಎಂದು ಮಾದೇವಿ ಕೂಗಿ ನಿಲ್ಲಿಸಿದಾಗ ಕೊಟ್ಟಿಗೆಯ ತಗಡು ನಡುಗಿತು. ಸೆಲ್ವಿ ನನ್ನನ್ನು ಅಪ್ಪಿಕೊಂಡು, ತಮಿಳಿನಲ್ಲಿ ಅಜ್ಜಿಯನ್ನು ಕರೆಯುವಂತೆ, "ಪಾಟೀ, ಚೆನ್ನೈ ನಮ್ದೇ!" ಅಂದಳು. ಅಷ್ಟರಲ್ಲಿ ಮಾದೇವಿ ಕೇಳಿದಳು:

"ದೊಡ್ಡವ್ವ, ಆ ಚಿಕ್ಕತಾಯಮ್ಮ ಬದುಕವ್ರಾ?"

"ಅವಳ್ಗೇನು, ಗುಂಡ್ಕಲ್ಲಂಗವ್ಳೆ. ಮೊಮ್ಮಕ್ಕಳವೆ."

"ಅಂಗಾರೆ ಕೇಳ್ಬೇಕು."

ಮರುದಿನ ಅವಳೂ ನಾನೂ ಗೆಟ್ಟವಾಡಿಗೆ ಹೋದೆವು. ಚಿಕ್ಕತಾಯಿ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ನಲವತ್ತು ವರ್ಷದಲ್ಲಿ ನಾವು ಎದುರಾದರೂ ಮಾತಾಡಿರಲಿಲ್ಲ. ಮಾದೇವಿ ಅವಳ ಮುಂದೆ ಕುಕ್ಕುರುಗಾಲಿನಲ್ಲಿ ಕೂತು, ಆದಷ್ಟು ಮೆಲ್ಲಗೆ, ಅಂದರೆ ಪಕ್ಕದ ಮನೆಯವರು ಹೊರಗೆ ಬರುವಷ್ಟು ಮೆಲ್ಲಗೆ, ಎಲ್ಲ ಹೇಳಿದಳು. ಚಿಕ್ಕತಾಯಿ ಮೊರ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ಕೆಂಪಕ್ಕ, ನೀನು ಪದ ಏಳ್ಬುಟ್ಟು ನಿನ್ ಮನ್ಗೋದೆ. ನಾನು ಈ ಮನ್ಗ್ ಬಂದೆ. ನೀರ್ಗ್ ಓದಾಗೆಲ್ಲ ನಮ್ಮತ್ತೆ ಏನನ್ನಾದು ಗೊತ್ತಾ? ಎಷ್ಟಾಳು ಆಳ ಅಂತ ಇಳ್ದು ನೋಡ್ಕಬಾರವ್ವ, ನಿಮ್ಮೋರು ಕೇಳವ್ರೆ ಅನ್ನಾದು. ಅವಳು ಸಾಯಗಂಟ ಅಂದ್ಲು. ನಿನ್ ಪದವ ನಾನು ಇಪ್ಪತ್ತೊರ್ಸ ಹೊತ್ತಿವ್ನಿ."

ನಾನು ಚೆಲ್ಲಿದ್ದ ರಾಗಿಯನ್ನು ಆಯತೊಡಗಿದೆ.

"ಬ್ಯಾಡ ಕಣವ್ವ" ಎಂದು ಮಾದೇವಿಗೆ ಹೇಳಿ ಮೊರ ಎತ್ತಿಕೊಂಡಳು.

"ಆಯ್ತವ್ವ" ಅಂದಳು ಮಾದೇವಿ. ಎರಡನೇ ಸಲ ಕೇಳಲಿಲ್ಲ. ಹೆಸರು ಬಿಟ್ಟು ಹಾಡುತ್ತೇವೆ, ಊರು ಬದಲಿಸುತ್ತೇವೆ, ಏನೂ ಅನ್ನಲಿಲ್ಲ.

ಬಸ್ ಸ್ಟಾಪಿನಲ್ಲಿ ನಾನೇ ರೇಗಿದೆ. ಒಳಗೆ ಚುಚ್ಚಿದ್ದಕ್ಕೆ ಹೊರಗೆ ರೇಗುವುದು ನನ್ನ ಗುಣ.

"ನನ್ ಪದ ಕಣಮ್ಮಿ ಅದು. ನಾನ್ ಕಟ್ಟಿದ್ದು. ನಾನ್ ಕೊಟ್ಟಿವ್ನಿ, ಆಡೋಗು. ಚೆನ್ನೈಲಿ ಇವಳ್ಗೆ ಕೇಳುಸ್ತದಾ?"

"ಪದ ನಿಂದು ದೊಡ್ಡವ್ವ. ಬಾವಿ ಅವ್ರದು."

"ಅಂಗಾರೆ ನಿನ್ ಬ್ಯಾಂಡು?"

ಅವಳು ರಸ್ತೆ ನೋಡಿದಳು. "ಇರಾ ಪದವ ಆಡ್ತಿವಿ."

ಎರಡು ದಿನ ಕಳೆದು ಬಾಕ್ಸು, ಡ್ರಮ್ಮು ಎಲ್ಲ ಬಸ್ಸಿನ ಮೇಲೆ ಹಾಕಿಸಿಕೊಂಡು ಸತ್ಯಮಂಗಲದ ಕಡೆಗೆ ಹೋದರು. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಕೊಟ್ಗೆ ಗುಡ್ಸಿವ್ನಿ ದೊಡ್ಡವ್ವ" ಎಂದು ಕೂಗಿದಳು. ಅದೇ ಕೊನೆ, ಮತ್ತೆ ನೋಡಿಲ್ಲ. ಚೆನ್ನೈಯಲ್ಲಿ ಇದ್ದ ಪದಗಳನ್ನೇ ಹಾಡಿದರಂತೆ. ಕಂಪನಿಯವನು ಅರ್ಧದಲ್ಲಿ ಎದ್ದು ಹೋದನಂತೆ. ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಸೆಲ್ವಿಯ ಮದುವೆಯಾಯಿತು. ಮೇರಿ ಗಿಟಾರನ್ನು ಚರ್ಚಿಗೆ ಕೊಟ್ಟಳು. ಮಾದೇವಿ ತಿರುಪ್ಪೂರಿನಲ್ಲಿ ಸೌಂಡ್ ಸರ್ವೀಸಿನವರ ಜೊತೆ ಇದ್ದಾಳೆ ಅಂತ ಒಬ್ಬರು, ಮಲೇಶಿಯಾಕ್ಕೆ ಹೋದಳು ಅಂತ ಇನ್ನೊಬ್ಬರು. ಅವಳಪ್ಪನಿಗೂ ತಿಳಿಯದು.

ಹೋದ ತಿಂಗಳು ಮಧ್ಯಾಹ್ನ ಚಿಕ್ಕತಾಯಿ ನಮ್ಮ ಮನೆಗೆ ಬಂದಳು. ಬರುವಳೆಂದು ನಾನು ಎಣಿಸಿರಲಿಲ್ಲ. ಟೀ ಕೊಟ್ಟೆ.

"ಆ ಉಡ್ಗಿ ಪದವ ಏಳುದ್ಲಾ ಅಕ್ಕ?"

"ಇಲ್ಲ."

"ಎಲ್ಲೂವಾ?"

"ಎಲ್ಲೂ ಇಲ್ಲ. ಅದಿಲ್ದೇನೇ ಬ್ಯಾಂಡ್ ನಿಂತೋಯ್ತು. ನೀನು ಬ್ಯಾಡ ಅಂದ್ಯಲ್ಲ."

ಅವಳು ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕೂತಳು.

"ನಾನ್ ಬ್ಯಾಡ ಅಂದ್ರೂ ಪದವ ಏಳ್ಬುಡ್ತಾಳೆ ಅಂದ್ಕಂಡಿದ್ದೆ. ಆ ಮದ್ವೆ ಬ್ಯಾಡ ಅಂತ ನಮ್ಮಪ್ಪಂಗ್ ಅಂದೆ, ಕೇಳ್ನಿಲ್ಲ. ಚಪ್ರದಲ್ಲಿ ನೀನು ಬಾವಿ ಅಂದೇಟ್ಗೆ, ಬ್ಯಾಡ ನಿಲ್ಸು ಅಂತ ನಿನ್ ಕಡೀಕ್ ಕೈ ಮಾಡ್ದೆ ಕಣಕ್ಕ, ನೀನೂ ನೋಡ್ನಿಲ್ಲ. ನಾನ್ ಬ್ಯಾಡ ಅಂದದ್ದ ಕೇಳಿಸ್ಕಂಡೋಳು ಅವಳೊಬ್ಬಳೇಯ."

ನಾನು ಅವತ್ತು ಬೀಗನ ಮುಖವನ್ನೇ ನೋಡುತ್ತಿದ್ದೆ. ಮದುಮಗಳ ಕಡೆ ತಿರುಗಿರಲಿಲ್ಲ, ಅದು ನಿಜ.

"ಅವಳ ನೋಡ್ಬೇಕು. ಎಲ್ಲವ್ಳೆ?" ಅಂದಳು ಚಿಕ್ಕತಾಯಿ.

ಗೊತ್ತಿಲ್ಲ ಅಂದೆ. ಅವಳ ಮುಂದೆಯೇ ಮಾದೇವಿಯ ನಂಬರು ಒತ್ತಿದೆ. ಈ ನಂಬರು ಬಳಕೆಯಲ್ಲಿಲ್ಲ ಎಂದು ತಮಿಳಿನಲ್ಲಿ ಬಂತು. ಚಿಕ್ಕತಾಯಿ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, ಕಿವಿಗಿಟ್ಟುಕೊಂಡು, ಅದು ತಾನಾಗಿ ನಿಲ್ಲುವವರೆಗೂ ಕೇಳಿದಳು.