ಕಪ್ಪು ಹೆಬ್ಬಾತಿನ ಪಾಲು

ಈ ಬರಹವನ್ನು ‘ಬೆಳಕಿರಲಿಲ್ಲ’ ಎಂದು ಮೂರು ಸಲ ಶುರು ಮಾಡಿದ್ದೇನೆ, ಮೂರು ಸಲವೂ ಹರಿದು ಹಾಕಿದ್ದೇನೆ. ಹಾಗಾಗಿ ಬೆಳಕಿನ ಮಾತು ಸದ್ಯಕ್ಕೆ ಬೇಡ. ತೊಂಬತ್ತರ ದಶಕದ ನಡುವಿನ ಒಂದು ಜನವರಿ, ಶನಿವಾರ ಬೆಳಿಗ್ಗೆ, ರೇನ್‌ಹ್ಯಾಮಿನ ಜೌಗು. ಥೇಮ್ಸ್ ಇಳಿದು ಕೆಸರು ಹೊಳೆಯುತ್ತಿತ್ತು. (ಹೊಳೆಯುತ್ತಿತ್ತು ಎಂದು ಬರೆದೆನಲ್ಲ. ಇರಲಿ.) ದಿಣ್ಣೆಯ ಹಿಂದೆ ನಾವಿಬ್ಬರು ಮಂಡಿಯೂರಿದ್ದೆವು, ಅಕ್ಕನ ಗಂಡ ಮತ್ತು ನಾನು. ಬಾವನ ಕೈಯಲ್ಲಿ ಕೋವಿ, ನನ್ನ ಕೊರಳಲ್ಲಿ ದುರ್ಬೀನು.

ಕೋವಿ ಬಾವನದಲ್ಲ. ಪಾರ್ಕ್ ರಾಯಲ್‌ನ ಬಿಸ್ಕತ್ತು ಕಾರ್ಖಾನೆಯಲ್ಲಿ ಅವರ ಜೊತೆ ಕೆಲಸ ಮಾಡುತ್ತಿದ್ದ ಇಂಗ್ಲಿಷ್ ಮುದುಕನದು. ಲೈಸೆನ್ಸೂ ಅವನದೇ. ಎರಡು ಚಳಿಗಾಲ ನಮ್ಮನ್ನು ಜೊತೆಗೆ ಕರೆತಂದಿದ್ದ, ನೋಡಲಿಕ್ಕೆ ಮಾತ್ರ. ಮೊದಲ ದಿನವೇ ಹೇಳಿದ್ದ: ಬೂದು ಹೆಬ್ಬಾತನ್ನು ಹೊಡೆಯಬಹುದು. ಸೈಬೀರಿಯಾದಿಂದ ಚಳಿ ಕಳೆಯಲು ಬರುವ ಸಣ್ಣ ಕಪ್ಪು ಹೆಬ್ಬಾತನ್ನು ಮುಟ್ಟಿದರೆ ಕೇಸು. ಆವತ್ತು ಅವನು ಫ್ಲಾಸ್ಕ್ ತರಲು ಕಾರಿನ ಕಡೆ ಹೋದ. ಹೋಗುವಾಗ ಕೋವಿ ಹಿಡಿದಿರು ಎಂದು ಬಾವನಿಗೆ ಕೊಟ್ಟ. ಹಿಡಿಯುವುದೂ ತಪ್ಪೇ. ಬಾವನ ಪಾಸ್‌ಪೋರ್ಟ್ ಹನ್ನೊಂದು ತಿಂಗಳಿಂದ ವಲಸೆ ಕಚೇರಿಯಲ್ಲಿತ್ತು, ಇಲ್ಲೇ ಕಾಯಂ ಇರಲು ಹಾಕಿದ ಅರ್ಜಿಯ ಜೊತೆ. ಒಂದು ಕೇಸು ಬಿದ್ದರೆ ಅವರಿಗೂ ಅಕ್ಕನಿಗೂ ಈ ದೇಶ ಮುಗಿಯಿತು.

ನದಿಯ ಕೆಳಗಿನಿಂದ ಒಂದು ಸಾಲು ತಗ್ಗಾಗಿ ಬಂತು.

“ಯಾವುದು?” ಎಂದರು ಬಾವ.

“ಬೂದು,” ಎಂದೆ. “ಹೊಡಿ.”

ಊರಲ್ಲಿ ಅವರ ಗುರಿ ತಪ್ಪಿದ್ದನ್ನು ಯಾರೂ ನೋಡಿಲ್ಲವಂತೆ. ಇಲ್ಲೂ ತಪ್ಪಲಿಲ್ಲ. ಬಿದ್ದದ್ದನ್ನು ಕೆಸರಿನಿಂದ ಎತ್ತಿ ಚೀಲಕ್ಕೆ ಹಾಕಿಕೊಂಡರು. ಸದ್ದು ಕೇಳಿ ಏದುಸಿರು ಬಿಡುತ್ತ ಬಂದ ಮುದುಕ, ಬಾವನ ಚೀಲದ ಕಡೆ ಕಣ್ಣೂ ಹಾಯಿಸದೆ ಕೋವಿ ಕಿತ್ತುಕೊಂಡ. “ನಾನೇನೂ ಕೇಳಿಸಿಕೊಂಡಿಲ್ಲ. ಮನೆಗೆ ಹೋಗಿ,” ಎಂದ.

ನಮ್ಮ ಉಡುಪಿ ಕಡೆ ಬೇಟೆಯ ಪಾಲಿಗೊಂದು ಲೆಕ್ಕವಿದೆ. ತಲೆ ಕೋವಿಯವನಿಗೆ, ಕುತ್ತಿಗೆ ತೋರಿಸಿದವನಿಗೆ, ಉಳಿದದ್ದು ಮನೆಮನೆಗೆ ಒಂದೊಂದು ತುಂಡು. ಹಂಚದೆ ತಿಂದರೆ ಮುಂದಿನ ಈಡು ಖಾಲಿ ಹೋಗುತ್ತದೆ. ಇಲ್ಫರ್ಡಿಗೆ ಬಂದು ಎಂಟು ವರ್ಷವಾದರೂ ಬಾವ ಅದನ್ನು ಬಿಟ್ಟಿರಲಿಲ್ಲ. ಹಂಚಲು ಬೇಟೆ ಸಿಕ್ಕಿರಲಿಲ್ಲ, ಅಷ್ಟೆ. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ನಮ್ಮ ಕಡೆಯವರ ಆರು ಮನೆಗಳಿಗೆ ಡಬ್ಬಿ ಕೊಟ್ಟು ಬಂದರು. ಒಂದು ರೆಕ್ಕೆಯನ್ನು ಎರಡು ಬೀದಿ ಆಚೆಯಿದ್ದ, ಊರ ಪರಿಚಯದ ಬಾಯಮ್ಮನಿಗೆ ಕೊಟ್ಟರು, ಹಿಟ್ಟು ಗುಡಿಸಲಿಕ್ಕೆ. ಕುತ್ತಿಗೆ ನನಗೆ.

ಸೋಮವಾರ ಸಂಜೆ ಕೆಲಸದಿಂದ ನೇರ ನನ್ನ ಫ್ಲ್ಯಾಟಿಗೆ ಬಂದರು. ಕೋಟು ತೆಗೆಯಲಿಲ್ಲ.

“ಎಂತ ಬೂದು ಮಾರಾಯಾ? ನೀನು ಹೇಳಿದ್ದನ್ನೇ ನಂಬಿದೆ, ಕಪ್ಪು ಕೆಸರಿನದು ಅಂದುಕೊಂಡೆ. ರೆಕ್ಕೆಯ ಬಣ್ಣ ಹೇಳಿದೆ, ಮುದುಕನ ಮುಖ ಬಿಳಿಚಿತು. ಕಪ್ಪಂತೆ ಅದು.”

ಹಂಚಿದ್ದನ್ನು ವಾಪಸ್ ಕೇಳಲು ಹೊರಟೆವು. ಹಾಗೆ ಯಾರೂ ಯಾವತ್ತೂ ಕೇಳಿದ್ದಿಲ್ಲ. ಮೊದಲ ಮನೆಯಾಕೆ ಬಾಗಿಲಲ್ಲೇ ನಕ್ಕಳು. “ಪಾಲು ವಾಪಸ್ಸಾ? ನಿಮ್ಮ ಹೆಂಡತಿಗೆ ಕಡಿಮೆ ಬಿತ್ತಾ?”

“ಅಲ್ಲ, ಆ ಹಕ್ಕಿಗೆ ರೋಗ ಉಂಟಂತೆ,” ಎಂದುಬಿಟ್ಟರು ಬಾವ.

ಅವಳ ನಗು ನಿಂತಿತು. “ನಿನ್ನೆಯೇ ತಿಂದಾಯ್ತಲ್ಲ. ಮಕ್ಕಳೂ ತಿಂದಿದ್ದಾರೆ. ಈಗ ಹೇಳ್ತೀರಾ?” ಫೋನಿನ ಕಡೆ ತಿರುಗಿದಳು. “ಜಿಪಿ ಡಾಕ್ಟರಿಗೆ ಹೇಳ್ತೇನೆ. ಎಂತ ಹಕ್ಕಿ ಅದು? ಹೆಸರು ಹೇಳಿ.”

ಬಾವ ಫೋನಿನ ಮೇಲೆ ಅಂಗೈ ಒತ್ತಿ ನಿಂತರು. ರೋಗವಿಲ್ಲ, ಸುಳ್ಳು ಹೇಳಿದೆ ಎಂದು ಒಪ್ಪಿಕೊಳ್ಳಬೇಕಾಯಿತು. ಮತ್ತೆ ಸುಳ್ಳೇಕೆ ಹೇಳಿದಿರಿ ಎಂದು ಅವಳು ಕೇಳಿದಾಗ ನಿಜವನ್ನೂ ಹೇಳಬೇಕಾಯಿತು. ಹೀಗೆ, ಯಾರಿಗೂ ತಿಳಿಯಬಾರದೆಂದು ಹೊರಟವರು ಮನೆಮನೆಗೂ ನಾವೇ ತಿಳಿಸುತ್ತ ಹೋದೆವು. ಆರು ಮನೆಗಳಿಂದ ಸಿಕ್ಕಿದ್ದು ಒಂದು ಡಬ್ಬಿ ತಣ್ಣಗಿನ ಮಾಂಸದ ಸುಕ್ಕ, ನಾಲ್ಕು ಮೂಳೆ.

ಬಾಯಮ್ಮ ರೆಕ್ಕೆಯನ್ನು ಬೀದಿಗೆ ಕಾಣುವ ಕಿಟಕಿಯಲ್ಲಿ, ಮೊಳೆಗೆ ತೂಗಿದ್ದರು. ಒಣಗಲೆಂದು. “ಕೊಟ್ಟದ್ದನ್ನು ಕೇಳಿದರೆ ಹೊಟ್ಟೆನೋವು ಬರ್ತದೆ ಬಾಬಾ,” ಎಂದರು. ಬಾವ ಅವರ ಅಡುಗೆಮನೆಯ ನೆಲದ ಮೇಲೆ ಕುಕ್ಕರಿಸಿ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಹೆಗಲು ಅಲುಗುತ್ತಿತ್ತು. ಬಾಯಮ್ಮ ರೆಕ್ಕೆ ಬಿಚ್ಚಿ, ಸಿಂಕಿನಲ್ಲಿಟ್ಟು ಕಡ್ಡಿ ಗೀರಿದರು. ಸುಟ್ಟ ಗರಿಯ ವಾಸನೆ ನನ್ನ ಸ್ವೆಟರಿನಲ್ಲಿ ವಾರಗಟ್ಟಲೆ ಇತ್ತು. ಇತ್ತೇ? ಸ್ವೆಟರನ್ನು ಮರುದಿನವೇ ಒಗೆದದ್ದೂ ನೆನಪಿದೆ.

ಆಮೇಲೆ ಯಾರೂ ಬರಲಿಲ್ಲ. ಪೊಲೀಸರು ಬರಲಿಲ್ಲ, ಮುದುಕ ಬಾಯಿ ಬಿಡಲಿಲ್ಲ. ಆದರೂ ಕಾಲಿಂಗ್ ಬೆಲ್ ಆದರೆ ಬಾವ ಹಿತ್ತಿಲ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು. ಟ್ಯೂಬ್ ರೈಲಿನಲ್ಲಿ ಯಾರಾದರೂ ನೋಡಿದರೆ ಇಳಿದು ಮುಂದಿನ ಗಾಡಿ ಹಿಡಿಯುತ್ತಿದ್ದರು. ಅಕ್ಕ ಊಟಕ್ಕೆ ಕೂರಿಸಿದರೆ ತಟ್ಟೆ ನೋಡುತ್ತ ಕೂರುತ್ತಿದ್ದರು. ಮಾರ್ಚಿನಲ್ಲಿ ಕಾಗದ ಬಂತು: ಅರ್ಜಿ ತಿರಸ್ಕೃತ. ಕೊಟ್ಟ ಕಾರಣ ಕೆಲಸದ ಯಾವುದೋ ಹಳೆಯ ದಾಖಲೆಯದು, ಹಕ್ಕಿಯ ಸೊಲ್ಲೇ ಇರಲಿಲ್ಲ. ನಾನು ಎರಡೆರಡು ಸಲ ಗಟ್ಟಿಯಾಗಿ ಓದಿದೆ. “ಬರೆಯುವುದೊಂದು, ಕಾರಣ ಇನ್ನೊಂದು,” ಎಂದರು ಬಾವ. ಮೇಲ್ಮನವಿ ಹಾಕಲು ಒಪ್ಪಲೇ ಇಲ್ಲ. ಹಾಕಿದರೆ ಅಗೆಯುತ್ತಾರೆ, ಅಗೆದರೆ ಸಿಗುತ್ತದೆ. ಅಕ್ಕ ಬೇಡಿದಳು, ಕೂಗಾಡಿದಳು, ಕೊನೆಗೆ ಪರದೆಗಳನ್ನು ಕಳಚಿ ಮಡಚಿದಳು.

ಏರ್‌ಪೋರ್ಟಿನಲ್ಲಿ ಬಾವ ನನ್ನನ್ನು ಬದಿಗೆ ಕರೆದು ಕೇಳಿದರು: “ನಿಜ ಹೇಳು. ಆವತ್ತು ನಿನಗೆ ಗೊತ್ತಿತ್ತಾ?”

“ಬೆಳಕಿರಲಿಲ್ಲ ಬಾವ.”

ಬೆಳಕಿತ್ತು. ಹಕ್ಕಿಗಳ ಬಾಲದಡಿಯ ಬಿಳುಪು ಕಾಣುವಷ್ಟು, ಕಪ್ಪು ಕೊರಳು ಕಾಣುವಷ್ಟು. ಗಂಟಲೊಳಗೇ ಉರುಳುವ ಆ ದನಿಯೂ ಕೇಳಿತ್ತು. ಬೂದು ಹೆಬ್ಬಾತು ಹಾಗೆ ಕೂಗುವುದಿಲ್ಲ. ಮತ್ತೇಕೆ ಹೊಡಿ ಎಂದೆ? ಬಾವ ಒಂದು ಸಲವಾದರೂ ನಗಲಿ ಎಂದು, ಅಂತ ಬರೆಯಬಹುದು. ಅದು ತೀರಾ ಚೆಂದದ ಕಾರಣ, ಆದ್ದರಿಂದ ಅನುಮಾನ. ಎರಡು ಚಳಿಗಾಲ ಬರೇ ನೋಡಿ ನೋಡಿ ಬೇಸತ್ತಿದ್ದೆ, ಒಂದು ಬೀಳಬೇಕಿತ್ತು. ಇದೂ ಪೂರ್ತಿ ನಿಜವಲ್ಲ. ಕುತ್ತಿಗೆಯನ್ನು ಮಾತ್ರ ಭಾನುವಾರವೇ ತಿಂದು ಮುಗಿಸಿದ್ದೆ.

ಈಗ ಆ ಜೌಗಿನಲ್ಲಿ ಕೋವಿಗಳಿಲ್ಲ, ನೋಡುವವರಿಗೆ ಹಲಗೆಯ ದಾರಿ ಮಾಡಿದ್ದಾರೆ. ಎರಡು ಸಾವಿರದ ಈಚೆ ಪ್ರತಿ ಚಳಿಗಾಲ ಹೋಗುತ್ತೇನೆ. ಕಳೆದ ಸಲ ಅಲ್ಲಿರುವಾಗಲೇ ಮೊಬೈಲಿಗೆ ಊರಿಂದ ಅಕ್ಕನ ಕರೆ ಬಂತು. ಅವಳ ಕೈಯಿಂದ ಬಾವ ಫೋನ್ ತೆಗೆದುಕೊಂಡರು.

“ಎಲ್ಲಿದ್ದೀ?”

“ರೇನ್‌ಹ್ಯಾಮಿನಲ್ಲಿ. ಹಕ್ಕಿ ಬಂದಿವೆ.”

“ಯಾವುದು?”

“ಕಪ್ಪು.”

“ಅಲ್ಲಿ ಗಂಟೆ ಎಷ್ಟು?”

“ಏಳೂ ಮುಕ್ಕಾಲು.”

ಆವತ್ತೂ ಹೆಚ್ಚುಕಡಿಮೆ ಅದೇ ಹೊತ್ತು. “ಬೆಳಕುಂಟಾ?” ಎಂದರು.

ಉಂಟು ಎಂದೆ. ಬಾವ ಫೋನನ್ನು ಅಕ್ಕನಿಗೆ ಕೊಟ್ಟರು.